ಅಡ್ಡಬಾವಿಗೆ ಅಳತೆಯ ತೂತು

ನಾರ್ವೆಯ ಕರಾವಳಿಯಾಚೆ, ಉತ್ತರ ಸಮುದ್ರದ ತಳದಡಿ, 1979ರಲ್ಲಿ ಪತ್ತೆಯಾದ ಟ್ರೋಲ್ ನಿಕ್ಷೇಪವಿದೆ. ಮೇಲೆ ಅಪಾರ ಅನಿಲ, ಕೆಳಗೆ ನೀರು, ನಡುವೆ ತೆಳು ತೈಲಪದರ: ಮೂಲತಃ ದಪ್ಪವಿದ್ದ ಕಡೆ 22ರಿಂದ 26 ಮೀಟರ್, ತೆಳುವಿದ್ದ ಕಡೆ 11ರಿಂದ 13. ನೇರ ಬಾವಿ ಕೊರೆದರೆ ಅನಿಲವೋ ನೀರೋ ಬೇಗನೆ ನುಗ್ಗುತ್ತದೆ. ಹಾಗಾಗಿ ಬಾವಿಯನ್ನು ಬಗ್ಗಿಸಿ, ಪದರದೊಳಗೇ ಕಿಲೋಮೀಟರ್‌ಗಟ್ಟಲೆ ಅಡ್ಡಲಾಗಿ ಓಡಿಸಿದರು.

ಅಲ್ಲೂ ಒಂದು ಪೇಚು. ಹನಿ ನೀರಾವರಿಯಲ್ಲಿ ಪಂಪಿನ ಹತ್ತಿರದ ಗಿಡಕ್ಕೆ ಹೆಚ್ಚು, ಕೊನೆಯ ಗಿಡಕ್ಕೆ ಕಡಿಮೆ ನೀರು ಸಿಗುವಂತೆ, ಬಾವಿ ಬಾಗುವ ಹಿಮ್ಮಡಿಯ ಕಡೆ ಸೆಳೆತ ಹೆಚ್ಚು, ದೂರದ ತುದಿಯಲ್ಲಿ ಕಡಿಮೆ. ಕೊಳವೆಯೊಳಗಿನ ಘರ್ಷಣೆಯೇ ಕಾರಣ. ಅನಿಲ ಮೊದಲು ಹಿಮ್ಮಡಿಗೇ ಇಳಿಯುತ್ತದೆ. ತುದಿಯ ತೈಲ ನೆಲದಲ್ಲೇ ಉಳಿಯುತ್ತದೆ.

1990ರ ದಶಕದಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಕಂಡುಕೊಂಡ ಪರಿಹಾರ ಸರಳ: ಸುಮಾರು 12 ಮೀಟರ್ ಉದ್ದದ ಪ್ರತಿ ಕೊಳವೆ ತುಂಡಿನಲ್ಲೂ ಒಳಹರಿವಿಗೆ ಕಿರಿದಾದ ದಾರಿ. ಇದರ ಸೊಗಸು ಗಣಿತದಲ್ಲಿದೆ. ಬಂಡೆಯಲ್ಲಿ ಒತ್ತಡದ ನಷ್ಟ ಹರಿವಿನಷ್ಟೇ ಏರುತ್ತದೆ. 1856ರಲ್ಲಿ ಹೆನ್ರಿ ಡಾರ್ಸಿ ತೋರಿಸಿದ ನಿಯಮವದು. ಕಿರುತೂತಿನಲ್ಲಾದರೆ ನಷ್ಟ ಹರಿವಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಳೆತ, ಅಂದರೆ ಬಂಡೆಗೂ ಕೊಳವೆಗೂ ನಡುವಿನ ಒತ್ತಡದ ಅಂತರ, ಹಿಮ್ಮಡಿಯಲ್ಲಿ 2 ಬಾರ್, ತುದಿಯಲ್ಲಿ 1 ಬಾರ್ ಇದ್ದರೆ ಹರಿವೂ ಎರಡಕ್ಕೊಂದು. ತುದಿಯ ಹರಿವಿಗೆ 3 ಬಾರ್ ನುಂಗುವ ತೂತನ್ನು ಎರಡೂ ಕಡೆ ಇಟ್ಟು, ಸೆಳೆತವನ್ನು 5 ಮತ್ತು 4 ಬಾರ್‌ಗೆ ಏರಿಸಿ. ಆಗ ತುದಿಯಲ್ಲಿ ಹರಿವು 1 ಆದರೆ ಹಿಮ್ಮಡಿಯಲ್ಲಿ ಸುಮಾರು 1.14 ಮಾತ್ರ. ಬೆಲೆ ಆ ಹೆಚ್ಚುವರಿ 3 ಬಾರ್. ಅದು ತೆರಲೇಬೇಕಾದ ಬೆಲೆ ಎಂದೇ ನನ್ನ ಎಣಿಕೆ.

ನಿಜವಾದ ಬಾವಿಯಲ್ಲಿ ಬಂಡೆ ಎಲ್ಲೆಡೆ ಒಂದೇ ಸಮನಿರುವುದಿಲ್ಲ. ಅದಕ್ಕೇ ಕಂಪ್ಯೂಟರ್ ಮಾದರಿ ಬಾವಿಯನ್ನು ತುಂಡುಗಳಾಗಿ ಒಡೆಯುತ್ತದೆ. ಪ್ರತಿ ತುಂಡಿಗೂ ಬಂಡೆಯ, ತೂತಿನ, ಕೊಳವೆಯ ನಷ್ಟ ಲೆಕ್ಕಹಾಕಿ, ಪಕ್ಕದ ತುಂಡಿನ ಒತ್ತಡದೊಂದಿಗೆ ತಾಳೆಯಾಗುವವರೆಗೂ ತಿದ್ದುತ್ತದೆ. ಕೊಳವೆಯ ಹೊರಗಡೆ ತೈಲ ಅಡ್ಡಾಡದಂತೆ ತಡೆಯುವ ಪ್ಯಾಕರ್‌ಗಳು ಎಲ್ಲೆಲ್ಲಿ ಕೂರಬೇಕೆಂಬುದೂ ಈ ಲೆಕ್ಕದಿಂದಲೇ ತಿಳಿಯಬೇಕು. ಸಾದಾ ತೂತಿನ ಅಳತೆಯನ್ನು ಕೊಳವೆ ಇಳಿಸಿದ ಮೇಲೆ ಬದಲಿಸಲಾಗದು. ಆದ್ದರಿಂದ ನಾಳೆ ನೀರು ಎಲ್ಲಿಂದ ಬಂದೀತೆಂಬ ಹಲವು ಸಾಧ್ಯತೆಗಳನ್ನು ಮೊದಲೇ ಓಡಿಸಿ ನೋಡುತ್ತಾರೆ.

ಮುಂದೆ ಟ್ರೋಲ್‌ಗೆ ತಾನಾಗಿಯೇ ಕಿರಿದಾಗುವ ಕವಾಟವೂ ಬಂತು. ಅದರೊಳಗೆ ಸಡಿಲವಾದ ಪುಟ್ಟ ತಟ್ಟೆಯೊಂದಿದೆ. ತೈಲ ಮಂದವಾದ್ದರಿಂದ ನಿಧಾನವಾಗಿ ಹರಿಯುತ್ತದೆ, ದಾರಿ ತೆರೆದೇ ಇರುತ್ತದೆ. ಅನಿಲ ರಭಸದಿಂದ ಹರಿದಾಗ ತಟ್ಟೆಯ ಹರಿವಿರುವ ಮಗ್ಗುಲಲ್ಲಿ ಒತ್ತಡ ಕುಸಿದು, ತಟ್ಟೆ ಬಾಯಿಯತ್ತ ಸರಿದು ದಾರಿಯನ್ನು ಕಿರಿದಾಗಿಸುತ್ತದೆ. ಅಲ್ಲಿಂದಾಚೆ ಮಾದರಿಗೆ ತೂತಿನ ಅಳತೆಯೊಂದೇ ಸಾಲದು. ಪ್ರತಿ ತುಂಡಿನಲ್ಲಿ ಹರಿಯುವ ದ್ರವ ಅಥವಾ ಅನಿಲ ಎಷ್ಟು ಮಂದ, ಎಷ್ಟು ಸಾಂದ್ರ ಎಂಬುದೂ ಗಳಿಗೆ ಗಳಿಗೆಗೆ ಬೇಕು.