ಎಡತೊರೆಯ ದಾರಿಯಲ್ಲಿ ಮಕ್ಕಳ ಆಟದಂಗಳ

ಮೈಸೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲಿನಲ್ಲಿ ಬಂದು ಕೃಷ್ಣರಾಜನಗರದಲ್ಲಿ ಇಳಿದು ಊರೊಳಗೆ ನಡೆದರೆ ಬೀದಿಗಳ ನೇರವೂ ಅಗಲವೂ ಕಣ್ಣಿಗೆ ಕಟ್ಟುತ್ತವೆ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನಲುಗುತ್ತಿದ್ದ ಹಳೆಯ ಎಡತೊರೆಗೆ ಬದಲಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಳೆದು ಕಟ್ಟಿದ ಊರಿದು. ಇಂಥ ಬೀದಿಯಿದ್ದರೆ ಲಗೋರಿಗೂ ಚಿನ್ನಿದಾಂಡಿಗೂ ಬೇರೆ ಮೈದಾನ ಬೇಕಿರಲಿಲ್ಲ. ಈಗ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರು. ಸಂಜೆ ಶಾಲೆಯ ವ್ಯಾನಿನಿಂದ ಇಳಿದ ಮಕ್ಕಳು ಬೆನ್ನಿನ ಚೀಲದ ಸಮೇತ ಟ್ಯೂಷನ್ನಿಗೆ ನಡೆಯುತ್ತಾರೆ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳ ಮೈಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಿನ ದಣಿವು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಒಂದು ಗಂಟೆ ಈ ಮಕ್ಕಳ ದಿನದೊಳಗೆ ಎಲ್ಲಿದೆ?

ಮಕ್ಕಳಿಗೆ ಆ ಗಂಟೆಯನ್ನು ಒದಗಿಸುವುದೇ ಇಲ್ಲಿ ಯಾರಿಗಾದರೂ ಬದುಕಿನ ದಾರಿಯಾಗಬಹುದೇ ಎಂದು ನೋಡುತ್ತ ನಾನು ಊರು ಸುತ್ತಿದೆ. ಆಗಬಹುದು ಎನ್ನುವುದು ನನ್ನ ನಂಬಿಕೆ. ಆದರೆ ಮೈಸೂರಿನ ಮಾಲುಗಳಲ್ಲಿರುವ ಜಿಗಿಯುವ ಹಾಸು, ಪ್ಲಾಸ್ಟಿಕ್ ಚೆಂಡಿನ ತೊಟ್ಟಿಗಳನ್ನು ಇಲ್ಲಿಗೆ ತರಲು ಹೊರಟರೆ ಸಾಲವಷ್ಟೇ ಉಳಿಯುತ್ತದೆ. ತಾಲ್ಲೂಕು ಊರಿನಲ್ಲಿ ಮಾರಬೇಕಾದದ್ದು ಹೊತ್ತಿಗೆ ಸರಿಯಾಗಿ ನಡೆಯುವ ಒಂದು ಗಂಟೆ, ಆಮೇಲೆ ನಂಬಿಕೆ.

ಬಡಾವಣೆಗಳ ಕಡೆ ಹೋದರೆ ಖಾಲಿ ನಿವೇಶನಗಳು ಸಿಗುತ್ತವೆ. ಅರುವತ್ತು–ನಲವತ್ತರ ಒಂದು ನಿವೇಶನವೆಂದರೆ ಸುಮಾರು 18 ಮೀಟರ್ ಉದ್ದ, 12 ಮೀಟರ್ ಅಗಲ. ದೊಡ್ಡವರ ಕಬಡ್ಡಿ ಅಂಕಣ 13ಕ್ಕೆ 10 ಮೀಟರ್; ಅದು ಇದರೊಳಗೆ ಕೂರುತ್ತದೆ. 27ಕ್ಕೆ 16 ಮೀಟರಿನ ಖೋಖೋ ಅಂಕಣ ಕೂರುವುದಿಲ್ಲ, ಅದಕ್ಕೆ ಶಾಲೆಯ ಮೈದಾನವನ್ನೇ ಕೇಳಬೇಕು. ಕೇಳುವುದರಲ್ಲಿ ಅರ್ಥವಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಇದೇ ಜಿಲ್ಲೆಯವರು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಮಣ್ಣಿನ ಆಟ ಎಲ್ಲಿಯವರೆಗೆ ಕರೆದೊಯ್ಯಬಲ್ಲದು ಎಂದು ಇಲ್ಲಿನ ತಾಯ್ತಂದೆಯರಿಗೆ ತೋರಿಸಲು ಇದಕ್ಕಿಂತ ಹತ್ತಿರದ ಹೆಸರು ಬೇಕಿಲ್ಲ.

ಸಾಮಾನಿಗೆ ದೊಡ್ಡ ಬಂಡವಾಳ ಬೇಡ. ಹಗ್ಗ, ಚೆಂಡು, ಬಳೆ, ಸುಣ್ಣದ ಪುಡಿ, ನಾಲ್ಕು ಚಾಪೆ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಮುದ್ರಾ ಯೋಜನೆಯ 'ಶಿಶು' ಸಾಲದ ಮಿತಿ 50,000 ರೂಪಾಯಿ. ಅಷ್ಟರಲ್ಲೇ ಶುರು ಮಾಡಬಹುದು.

ವ್ಯಾಯಾಮ ಕಲಿಸಿ ಬದುಕು ಕಟ್ಟಿಕೊಳ್ಳುವುದು ನಮ್ಮ ನಾಡಿಗೆ ಹೊಸದೇನಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಮನೆಮಾತಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಹುಡುಗರಿಗೆ ಯೋಗ ಕಲಿಸಿದ್ದು ಅರಮನೆಯ ಆಸರೆಯಲ್ಲಿ. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಮುಂದೆ ಲಕ್ಷ್ಮೀಪುರದ ತಮ್ಮ ಮನೆಯಲ್ಲೇ ಕಲಿಸಿದರು. ಆ ಚಿಕ್ಕ ಜಾಗಕ್ಕೆ ಹೊರದೇಶದವರು ಹುಡುಕಿಕೊಂಡು ಬಂದರು. ಕಟ್ಟಡ ನೋಡಿ ಯಾರೂ ಬರಲಿಲ್ಲ. ಕಲಿಸುವವರನ್ನು ನೋಡಿ ಬಂದರು.

ನಿಜವಾದ ತೊಡಕು ಶುಲ್ಕದ್ದು. ಕೆ.ಆರ್. ನಗರ ಭತ್ತದ ಸೀಮೆ. ನಾಲೆಗೆ ನೀರು ಬಿಟ್ಟ ಮೇಲೆ ನಾಟಿ, ಡಿಸೆಂಬರ್–ಜನವರಿಯ ಹೊತ್ತಿಗೆ ಒಕ್ಕಣೆ. ಹಣ ಮನೆಗೆ ಬರುವುದು ಆಗ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜಿಗೆ ಹೋದ ಮೇಲೆ. ತಿಂಗಳ ಸಂಬಳ ಬರುವ ನೌಕರರ ಮನೆಗೆ ತಿಂಗಳ ಶುಲ್ಕ ಸರಿ. ಬೇಸಾಯದ ಮನೆಗೆ ಅದೇ ಲೆಕ್ಕ ಹಿಡಿದರೆ ಮಗು ಮೂರನೆಯ ತಿಂಗಳಿಗೆ ಬರುವುದನ್ನು ನಿಲ್ಲಿಸುತ್ತದೆ. ಸುಗ್ಗಿಗೊಮ್ಮೆ ವರ್ಷದ ದುಡ್ಡು ಕಟ್ಟುವ ಅವಕಾಶ ಕೊಡಬೇಕು. ಗೊಬ್ಬರದಂಗಡಿಯವರು ಈ ಲೆಕ್ಕವನ್ನು ಎಷ್ಟೋ ಕಾಲದಿಂದ ಬಲ್ಲರು, ಆಟ ಕಲಿಸುವವರೂ ಕಲಿಯಬೇಕು.

ಇನ್ನು ಮಳೆ. ಜೂನ್‌ನಲ್ಲಿ ಶಾಲೆ ತೆರೆದು, ಹೊಸ ಮಕ್ಕಳು ಸೇರುವ ಹೊತ್ತಿಗೇ ಅಂಗಳ ಕೆಸರಾಗುತ್ತದೆ. ಮೇಲೆ ಸೂರು ಬೇಕು, ಸೂರಿಗೆ ಬಾಡಿಗೆ ದುಬಾರಿ. ಊರಿನ ಕಲ್ಯಾಣ ಮಂಟಪವೊಂದರ ಮುಂದೆ ನಿಂತಾಗ ನನಗೆ ಇದಕ್ಕೆ ದಾರಿ ಕಂಡಿತು. ಆಷಾಢದಲ್ಲಿ ಮದುವೆಗಳಿಲ್ಲ. ಮಳೆ ಹಿಡಿದು ಹೊಡೆಯುವ ತಿಂಗಳಲ್ಲೇ ಈ ದೊಡ್ಡ ಸಭಾಂಗಣಗಳು ಬೀಗ ಹಾಕಿಕೊಂಡಿರುತ್ತವೆ. ಧನುರ್ಮಾಸದಲ್ಲೂ ಅಷ್ಟೇ. ಸಂಜೆಯ ಒಂದೂವರೆ ಗಂಟೆಗೆ ಕಡಿಮೆ ಬಾಡಿಗೆಯ ಒಪ್ಪಂದ ಮಾಡಿಕೊಂಡರೆ ಮಾಲೀಕರಿಗೂ ಖಾಲಿ ತಿಂಗಳಲ್ಲಿ ನಾಲ್ಕು ಕಾಸು. ಶ್ರಾವಣದ ಲಗ್ನಗಳು ಶುರುವಾದ ಮೇಲೆ ಮದುವೆಯಿಲ್ಲದ ದಿನಗಳನ್ನು ನೋಡಿಕೊಂಡು ಆಡಿಸಬೇಕು. ಮಳೆ ಬಿಟ್ಟ ಮೇಲೆ ಮತ್ತೆ ಬಯಲು. ಸಭಾಂಗಣದ ನೆಲ ನುಣುಪಾಗಿರುತ್ತದೆ, ಅಲ್ಲಿ ಓಟದ ಆಟ ಬೇಡ. ಹಗ್ಗದಾಟ, ಯೋಗ, ಕುಂಟೆಬಿಲ್ಲೆ, ಚಾಪೆಯ ಮೇಲಿನ ಕಸರತ್ತು ಸಾಕು.

ಏಪ್ರಿಲ್–ಮೇ ರಜೆಯಲ್ಲಿ ಬೇಡಿಕೆ ತಾನಾಗಿ ಬರುತ್ತದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಸೇರಿಸಲು ಪೋಷಕರು ತೋರುವ ಆಸಕ್ತಿಯೇ ಸಾಕ್ಷಿ. ಅಷ್ಟು ದೂರ ದಿನವೂ ಕಳಿಸಲಾಗದ ಮನೆಗಳು ಇಲ್ಲಿವೆ.

ಎಡತೊರೆಯ ಅರ್ಕೇಶ್ವರ ದೇವಸ್ಥಾನದ ಬಳಿ ನದಿಗೆ ಇಳಿದಾಗ ಈಜಿನ ವಿಚಾರವೂ ಬಂತು. ನದಿ, ನಾಲೆಗಳ ನಡುವೆ ಬೆಳೆಯುವ ಮಕ್ಕಳು ಈಜು ಕಲಿಯಲೇಬೇಕು. ಆದರೆ ಹರಿಯುವ ಕಾವೇರಿಯಲ್ಲಿ ಬೇಡ. ತರಬೇತಾದವರು ಕಾವಲಿರುವ ಕೊಳದಲ್ಲಿ ಮಾತ್ರ. ಈ ಒಂದು ವಿಷಯದಲ್ಲಿ ಉದ್ಯಮಿ ಯಾವ ಒತ್ತಾಯಕ್ಕೂ ಬಗ್ಗಬಾರದು.

ವಾಪಸು ಬರುತ್ತ ಬೀದಿಯಲ್ಲಿ ಆಡುತ್ತಿದ್ದವರನ್ನು ಗಮನಿಸಿದೆ. ಚಿಕ್ಕ ಹುಡುಗಿಯರಿದ್ದರು, ದೊಡ್ಡ ಹುಡುಗರಿದ್ದರು. ಹನ್ನೆರಡು ದಾಟಿದ ಹುಡುಗಿಯರು ಒಬ್ಬರೂ ಇರಲಿಲ್ಲ. ನಾನು ಇಲ್ಲಿ ಇಂಥದ್ದನ್ನು ಆರಂಭಿಸುವುದಾದರೆ ಮೊದಲ ಬ್ಯಾಚು ಆ ಹುಡುಗಿಯರದ್ದು. ಬಿ.ಪಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹೆಣ್ಣುಮಗಳೊಬ್ಬಳು ಕಲಿಸಬೇಕು, ಬಾಗಿಲಿರುವ ಶೌಚಾಲಯ ಇರಬೇಕು, ಐದಕ್ಕೆ ಶುರುವಾಗಿ ಆರಕ್ಕೆ ಮುಗಿಯಬೇಕು. ಕತ್ತಲಾಗುವ ಮೊದಲು ಸುತ್ತಲಿನ ಹಳ್ಳಿಯ ಹುಡುಗಿಯರಿಗೂ ಬಸ್ಸು ಸಿಗಬೇಕು.