ಹಕ್ಕಿಗಳ ಬೆನ್ನುಹತ್ತಿ ಒಂದು ದಿನ

ಫಾಲ್ಗುಣ ಮುಗಿಯುತ್ತ ಬಂದು ಮುತ್ತುಗ ಹೂಬಿಟ್ಟಿತೆಂದರೆ ಪುಣೆಯಲ್ಲಿ ಹಕ್ಕಿ ನೋಡುವವರಿಗೆ ಇಮ್ಮಡಿ ಲಾಭ. ಚಳಿಗಾಲದ ಅತಿಥಿಗಳು ಇನ್ನೂ ಪೂರ್ತಿ ಹೊರಟಿರುವುದಿಲ್ಲ. ಊರ ಹಕ್ಕಿಗಳು ಆಗಲೇ ಹಾಡತೊಡಗಿರುತ್ತವೆ. ಇಂಥದೊಂದು ಭಾನುವಾರ ನಾವು ನಾಲ್ಕು ಮನೆಯವರು, ಮಕ್ಕಳು ಹಾಗೂ ಮರಾಠಿ ಮಿತ್ರರೊಡನೆ, ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಟೆವು.

ಬೆಳಗಾಗುವಾಗ ವೇತಾಳ ಟೇಕಡಿಯ ಮೇಲಿದ್ದೆವು. ‘ಟುಕ್ ಟುಕ್’ ಎಂದು ಲೋಹ ಬಡಿದಂತೆ ಕೂಗುವ ಪುಟ್ಟ ಹಕ್ಕಿಯನ್ನು ಮಿತ್ರರು ‘ತಾಂಬಟ’ ಎಂದರು. ನಮ್ಮಲ್ಲಿ ಅದು ಕಂಚುಗಾರ ಹಕ್ಕಿ. ಎರಡು ನಾಡಿನ ಹಿರಿಯರ ಕಿವಿಗೂ ಒಂದೇ ಸುತ್ತಿಗೆ ಕೇಳಿಸಿದೆ! ಆದರೆ ನಮ್ಮ ಮಡಿವಾಳ ಹಕ್ಕಿ ಅವರಿಗೆ ‘ದಯಾಳ’. ಅವರ ‘ಧೋಬಿ’ಯೋ ನೀರಂಚಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ. “ಅಪ್ಪಾ, ನಿಜವಾದ ಅಗಸ ಯಾರು?” ಎಂದು ಮಕ್ಕಳು ಪಟ್ಟುಹಿಡಿದರು.

ಅಲ್ಲಿಂದ ಸೋಲಾಪುರ ರಸ್ತೆಯ ಬಳಿಯ ಕವಡಿಗೆ ಹೋದೆವು. ಮುಳಾ-ಮುಠಾ ನದಿ ಇಲ್ಲಿ ನಗರದ ಕೊಳೆಯನ್ನು ಹೊತ್ತು ನೊರೆಗಟ್ಟಿ ಹರಿಯುತ್ತದೆ. ಆದರೂ ಮೆಟ್ಟುಗಾಲು ಹಕ್ಕಿಗಳು ಕಿಕ್ಕಿರಿದಿದ್ದವು. ಕೊಳೆ ನೀರಿನ ಹುಳುಗಳೇ ಅವಕ್ಕೆ ಆಹಾರ. ಹಕ್ಕಿ ಹೆಚ್ಚಾದ ಮಾತ್ರಕ್ಕೆ ನದಿ ಸುಖವಾಗಿದೆಯೆಂದು ಅರ್ಥವಲ್ಲವೆಂಬುದನ್ನು ಮಕ್ಕಳು ಮೂಗು ಮುಚ್ಚಿಕೊಂಡೇ ಕಲಿತರು.

ಮಧ್ಯಾಹ್ನದ ಹೊತ್ತಿಗೆ ಪುಣೆಯಿಂದ ಸುಮಾರು 100 ಕಿಲೋಮೀಟರ್ ದೂರದ ಭಿಗವಣ ಸೇರಿದೆವು. 1980ರಲ್ಲಿ ಪೂರ್ತಿಯಾದ ಉಜನಿ ಅಣೆಕಟ್ಟಿನ ಹಿನ್ನೀರು ಇದು. ಕುಂಭಾರಗಾವದ ಮೀನುಗಾರರು ದೋಣಿಯಲ್ಲಿ ಕರೆದೊಯ್ದರು. ರಾಜಹಂಸಗಳು ಬಾಗಿದ ಕೊಕ್ಕನ್ನು ನೀರಿನಲ್ಲಿ ತಲೆಕೆಳಗಾಗಿಟ್ಟು ಕೆಸರು ಸೋಸಿ ಉಣ್ಣುತ್ತಿದ್ದವು. ಅವುಗಳ ಗುಲಾಬಿ ಬಣ್ಣವೂ ಆ ಊಟದಿಂದಲೇ ಬಂದದ್ದು. ಹಿಮಾಲಯ ದಾಟಿ ಹೋಗುವ ಪಟ್ಟೆತಲೆಯ ಹೆಬ್ಬಾತುಗಳ ಒಂದು ಸಣ್ಣ ತಂಡವೂ ಕಂಡಿತು. ಸಂಜೆ ಅವು ಸಾಲುಗಟ್ಟಿ ಹಾರಿದಾಗ ನಮ್ಮ ಮಾತೆಲ್ಲ ನಿಂತುಹೋಯಿತು.

ಓದುಗ ಬಂಧುಗಳು ಒಂದು ಮಾತನ್ನು ಗಮನಿಸಬೇಕು. ಮುಳಾ-ಮುಠಾ ಭೀಮೆಯನ್ನು ಕೂಡಿ ಉಜನಿಗೆ ಬರುತ್ತದೆ. ಭೀಮೆ ಮುಂದೆ ಪಂಢರಪುರವನ್ನು ಹಾಯ್ದು, ವಿಜಯಪುರ, ಕಲಬುರಗಿ ಜಿಲ್ಲೆಗಳ ನೆಲ ಮುಟ್ಟಿ, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಪುಣೆಯಲ್ಲಿ ನಾವು ಮೋರಿಗೆ ಬಿಟ್ಟದ್ದು ನಮ್ಮ ತೌರಿನ ದಾರಿಯನ್ನೇ ಹಿಡಿಯುತ್ತದೆ. ಪರವೂರಿನ ನದಿಯೆಂದು ನಾವು ಸುಮ್ಮನಿರುವಂತಿಲ್ಲ.

ಬರುವ ರಜೆಯಲ್ಲಿ ಮಕ್ಕಳನ್ನು ನೀರಿನ ದಡಕ್ಕೆ ಕರೆದೊಯ್ಯಿರಿ, ಸಾಧ್ಯವಾದರೆ ಅಜ್ಜಿಯನ್ನೂ. ಹಕ್ಕಿಗಳ ಹಳೆಯ ಹೆಸರುಗಳು ಅವರ ಬಾಯಲ್ಲಿವೆ. ಅವು ಮಕ್ಕಳ ಕಿವಿಗೆ ಬೀಳಲಿ.