ಮೇಲಿಂದ ಮೇಲೆ ಕಾಯಿಲೆ ಬೀಳುವ ಮಗು

ಚಿಕ್ಕ ಮಕ್ಕಳಿಗೆ ನೆಗಡಿ, ಕೆಮ್ಮು ಬರುವುದು ಸಹಜ. ಆರೋಗ್ಯವಂತ ಮಗುವಿಗೂ ವರ್ಷಕ್ಕೆ 6ರಿಂದ 8 ಬಾರಿ ನೆಗಡಿಯಾಗಬಹುದು. ಕೆಲವೇ ದಿನಗಳಲ್ಲಿ ಅದು ಚೇತರಿಸಿಕೊಂಡು ಆಡತೊಡಗುತ್ತದೆ. ಆದರೆ ನಿಮ್ಮ ಮಗುವಿಗೆ ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆದರೆ, ನಾಲ್ಕು ಸಲ ಕಿವಿ ಸೋರಿದರೆ, ಬಾಯಿಯೊಳಗಿನ ಬಿಳಿಯ ಪದರ ಔಷಧ ಹಚ್ಚಿದರೂ ಹೋಗದಿದ್ದರೆ, ತೂಕ ಏರದೆ ನಿಂತರೆ, ಅದನ್ನು ಬಾಲಗ್ರಹವೆಂದೋ ದೃಷ್ಟಿದೋಷವೆಂದೋ ತಿಳಿದು ಕಾಲಹರಣ ಮಾಡಬಾರದು. ಬರೆ ಹಾಕಿಸುವುದಂತೂ ಕೂಡದು. ಆ ಸುಟ್ಟ ಗಾಯವೇ ಇಂಥ ಮಗುವಿಗೆ ಪ್ರಾಣಾಂತಿಕವಾಗಬಹುದು.

ಗರ್ಭದಲ್ಲಿರುವಾಗ ತಾಯಿಯ ರಕ್ತದಿಂದ ಮಗುವಿಗೆ ಕೆಲವು ರಕ್ಷಕ ವಸ್ತುಗಳು ದೊರೆಯುತ್ತವೆ. ಸುಮಾರು ಆರು ತಿಂಗಳಲ್ಲಿ ಅವು ಕ್ಷೀಣಿಸುತ್ತವೆ. ಆಮೇಲೆ ಮಗುವಿನ ದೇಹವೇ ಅವನ್ನು ತಯಾರಿಸಿಕೊಳ್ಳಬೇಕು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ಶಕ್ತಿ ಇರುವುದಿಲ್ಲ. 1952ರಲ್ಲಿ ಬ್ರೂಟನ್ ಎಂಬ ಅಮೆರಿಕದ ವೈದ್ಯರು ಇಂಥ ಎಂಟು ವರ್ಷದ ಬಾಲಕನೊಬ್ಬನ ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಇಲ್ಲದಿರುವುದನ್ನು ಕಂಡುಹಿಡಿದು, ಅದನ್ನೇ ಚುಚ್ಚುಮದ್ದಾಗಿ ಕೊಟ್ಟು ಅವನ ಕಾಯಿಲೆಗಳನ್ನು ತಗ್ಗಿಸಿದರು. ಇಂದಿಗೂ ದಾನಿಗಳ ರಕ್ತದಿಂದ ತೆಗೆದ ಈ ಔಷಧವನ್ನು ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುತ್ತಾರೆ. ಬೇರೆ ಕೆಲವು ಬಗೆಗಳಿಗೆ ಅಸ್ಥಿಮಜ್ಜೆಯ ಕಸಿಯೇ ಚಿಕಿತ್ಸೆ. ತೀವ್ರ ಬಗೆಗಳು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸೇರಿರುವುದರಿಂದ, ಖರ್ಚಿಗೆ ಹೆದರಿ ಹಿಂಜರಿಯದೆ ನೆರವಿನ ಬಗ್ಗೆ ವಿಚಾರಿಸಿರಿ.

ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನನ್ನ ಬಳಿಗೆ ಒಂದು ಗಂಡುಮಗುವನ್ನು ಐದು ಬಾರಿ ಕರೆತಂದಿದ್ದರು. ಐದು ಬಾರಿಯೂ ನಾನು ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದೆ. ಆರನೆಯ ಸಲ ಅದರ ತಾಯಿ ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, "ಡಾಕ್ಟರೇ, ಇವನ್ನು ಒಮ್ಮೆ ಎಣಿಸಿ ನೋಡಿ" ಎಂದಳು. ಎಣಿಸಿದ ಮೇಲೆಯೇ ನನಗೆ ಸಂಶಯ ಹುಟ್ಟಿದ್ದು. ಆದುದರಿಂದ ಒಂದು ನೋಟುಪುಸ್ತಕದಲ್ಲಿ ಜ್ವರ ಬಂದ ದಿನ, ಕೊಟ್ಟ ಔಷಧ, ಮಗುವಿನ ತೂಕ ಇವನ್ನು ಬರೆದಿಡಿರಿ. ಓದು ಬಾರದಿದ್ದರೆ ಆಶಾ ಕಾರ್ಯಕರ್ತೆಯಿಂದ ಬರೆಸಿರಿ. ಮೊದಲ ಪರೀಕ್ಷೆಯಲ್ಲಿ ಕಾರಣ ತಿಳಿಯದಿರಬಹುದು. ಆಗ ವೈದ್ಯರನ್ನು ಮೇಲಿಂದ ಮೇಲೆ ಬದಲಿಸಿದರೆ ಪರೀಕ್ಷೆ ಪ್ರತಿ ಸಲ ಮೊದಲಿನಿಂದ ಆರಂಭವಾಗುತ್ತದೆ, ಅಷ್ಟೆ.

ನೀರನ್ನು ಕುದಿಸಿ ಆರಿಸಿ ಕೊಡಿರಿ. ಒಲೆಯ ಹೊಗೆಯಿಂದಲೂ ಕೆಮ್ಮುವವರಿಂದಲೂ ಮಗುವನ್ನು ದೂರವಿಡಿರಿ. ಜ್ವರ ಬಂದ ದಿನವೇ ಆಸ್ಪತ್ರೆಗೆ ತನ್ನಿರಿ; ಮರುದಿನದವರೆಗೆ ಕಾಯಬೇಡಿರಿ. ಲಸಿಕೆಗಳನ್ನು ನೀವಾಗಿಯೇ ನಿಲ್ಲಿಸಬಾರದು. ಆದರೆ ಬಿ.ಸಿ.ಜಿ., ಪೋಲಿಯೋ ಹನಿಗಳಂಥ ಜೀವಂತ ಲಸಿಕೆಗಳು ಇಂಥ ಮಗುವಿಗೆ ಅಪಾಯ ತರಬಹುದು. ಆದಕಾರಣ ನಿಮ್ಮ ಮನೆತನದಲ್ಲಿ ಹಸುಳೆಗಳು ಕಾಯಿಲೆಯಿಂದ ತೀರಿಕೊಂಡಿದ್ದರೆ, ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿರಿ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಲ್ಲಿ ಕೆಲವು ಬಗೆಗಳ ಸಂಭವ ಹೆಚ್ಚು. ಇಬ್ಬರಲ್ಲಿಯೂ ಒಂದೇ ದೋಷ ಅಡಗಿದ್ದರೆ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಇನ್ನೊಂದು ಬಗೆಯು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಸೊಸೆಯನ್ನು ದೂರುವ ಅತ್ತೆಮಾವಂದಿರಿಗೆ ಗಂಡನಾದವನು ಇದನ್ನು ತಿಳಿಯಹೇಳಬೇಕು. ಮುಂದಿನ ಮಗುವನ್ನು ಬಯಸುವ ಮೊದಲು, ದಂಪತಿಗಳಿಬ್ಬರೂ ಜೊತೆಯಾಗಿ ಬಂದು ಸಲಹೆ ಪಡೆಯಿರಿ. ಬರುವಾಗ ಆ ನೋಟುಪುಸ್ತಕವನ್ನು ಮರೆಯದೆ ತನ್ನಿರಿ.